ಮೂರನೇ ಸಾಲಿನ ಹಾಡುಗಳು

ಜೂನ್ 9

ಮಾವನಿಗೆ ನಮಸ್ಕಾರಗಳು.

ಫೋನು ಇರುವಾಗ ಇವಳು ಅಂಚೆಯವನಿಗೆ ಯಾಕೆ ಕೆಲಸ ಕೊಟ್ಟಳು ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ಫೋನು ಮಾಡಿ ಮಾಡಿ ಸಾಕಾಯಿತು, ಮಾವ. ಭಾನುವಾರ ಬಂದರೆ ಎತ್ತುವವರು ಅತ್ತೆ. ಒಂದು ವಾರ ನೀವು ಸ್ನಾನಕ್ಕೆ ಹೋಗಿರುತ್ತೀರಿ, ಮುಂದಿನ ವಾರ ಚಪ್ಪಲಿ ಹೊಲಿಸಲು ಹೋಗಿರುತ್ತೀರಿ. ಕಳೆದ ಸಲ ಅತ್ತೆ ನಿಮ್ಮನ್ನು ಕರೆದದ್ದು ನನಗೇ ಕೇಳಿಸಿತು. "ಬನ್ರೀ, ನಿಮ್ಮ ಗುಬ್ಬಿ ಫೋನು." ಆಮೇಲೆ, "ಕೈ ಆಡಿಸ್ತಿದ್ದಾರೆ ಕಣೇ, ಇನ್ನೊಂದ್ಸಲ ಮಾತಾಡ್ತಾರಂತೆ" ಎಂದರು. ಆ ಕೈ ಆಡಿಸಿದ್ದು ಹೇಗಿದ್ದಿರಬಹುದು ಎಂದು ವಾರವಿಡೀ ಯೋಚಿಸಿದೆ. ನೊಣ ಓಡಿಸುವ ಹಾಗೆಯೋ, ಆಶೀರ್ವಾದ ಮಾಡುವ ಹಾಗೆಯೋ?

ನಾನು ಕಾಲೇಜಿನ ಕೆಲಸ ಬಿಟ್ಟು ಈ ಪ್ರೆಸ್ಸಿಗೆ ಸೇರಿದ್ದು ನಿಮಗೆ ಸರಿಬಂದಿಲ್ಲ ಎಂದುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಉಂಡು, ನಿಮ್ಮ ಟೇಪ್ ರೆಕಾರ್ಡರಿನ ಪಕ್ಕದಲ್ಲೇ ಮಲಗಿ ಓದಿ ಎಂ.ಎ. ಮುಗಿಸಿದವಳು ಈಗ ಕೆಮ್ಮಿನ ಔಷಧಿಯ ಬಾಟಲಿಗೆ ಲೇಬಲ್ ತಿದ್ದುತ್ತ ಕೂತಿದ್ದಾಳೆ. ದಿನವಿಡೀ "ಚೆನ್ನಾಗಿ ಅಲುಗಾಡಿಸಿ ಬಳಸಿ" ಎಂಬ ಒಂದೇ ಸಾಲಿನ ಕಾವ್ಯ. ಏನು ಮಾಡಲಿ, ಪಾಠ ಹೇಳುವಾಗ ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುತ್ತಲೇ ಇರಲಿಲ್ಲ. ಗಟ್ಟಿಯಾಗಿ ಹೇಳಿ ಎಂದು ಹುಡುಗರು ಕೂಗಿದರೆ ಇದ್ದ ದನಿಯೂ ಗಂಟಲೊಳಗೆ ಇಳಿದುಹೋಗುತ್ತಿತ್ತು. ಇಲ್ಲಿ ನಾನು ಮಾತಾಡಬೇಕಾಗಿಲ್ಲ. ತಪ್ಪು ಕಂಡರೆ ಪೆನ್ಸಿಲಿನಿಂದ ಒಂದು ಗೀಟು ಎಳೆದರಾಯಿತು.

ಕೋಪವಿದ್ದರೆ ಬೈದು ಬರೆಯಿರಿ. ಬೈಗುಳ ತಡೆದುಕೊಂಡು ಅಭ್ಯಾಸವಿದೆ. ನೀವು ಸುಮ್ಮನಿದ್ದರೆ ತಡೆದುಕೊಂಡು ಅಭ್ಯಾಸವಿಲ್ಲ.

ನಿಮ್ಮ ಗುಬ್ಬಿ

*

ಜೂನ್ 17

ಗುಬ್ಬಿಗೆ ಆಶೀರ್ವಾದಗಳು.

ಕಾಲೇಜು ಬಿಟ್ಟಳೆಂದು ಕೋಪ ಮಾಡಿಕೊಳ್ಳಲು ನಾನೇನು ಪ್ರಿನ್ಸಿಪಾಲನೇ? ನೇಯ್ಗೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿ ತಲೆ ನರೆಸಿಕೊಂಡವನು ನಾನು. ಕೆಲಸದಲ್ಲಿ ಮೇಲು ಕೀಳು ಎಣಿಸುವುದು ನನಗೆ ಬರುವುದಿಲ್ಲ. ಫೋನಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ನಿವೃತ್ತನಾದ ಮೇಲೆ ಆ ಡಬ್ಬಿಯನ್ನು ಕಿವಿಗೊತ್ತಿಕೊಂಡು ನಿಲ್ಲುವುದು ಯಾಕೋ ಒಗ್ಗುತ್ತಿಲ್ಲ. ಕಾಗದ ಬರೆ. ಕಾಗದ ಒಳ್ಳೆಯದು.

ನೀನು ಲೇಬಲ್ ಪ್ರೆಸ್ಸಿನಲ್ಲಿರುವುದು ನನಗೆ ಅನುಕೂಲವೇ ಆಯಿತು. ನಮ್ಮ ಕ್ಯಾಸೆಟ್ಟುಗಳ ಮೇಲೆ ನಾನು ನೀಲಿ ಶಾಯಿಯಲ್ಲಿ ಬರೆದದ್ದೆಲ್ಲ ಮಾಸಿಹೋಗಿದೆ. ಅಂಟಿಸಿದ ಟೇಪು ಹಳದಿಗಟ್ಟಿ ಉದುರುತ್ತಿದೆ. ಯಾವುದರಲ್ಲಿ ಏನಿದೆ ಎಂದು ಹಾಕಿ ಕೇಳಿಯೇ ತಿಳಿಯಬೇಕು, ಈಗ ಅದು ನನ್ನಿಂದಾಗದು. ಅಚ್ಚಾದ ಲೇಬಲ್ ಬೇಕು. ಕ್ಯಾಸೆಟ್ಟಿನ ಎರಡು ಮುಖಕ್ಕೂ ಒಂದೊಂದು, ಡಬ್ಬಿಯ ಬೆನ್ನಿಗೆ ಒಂದು. ಬೆನ್ನಿನ ಮೇಲೆ ಒಂದು ಬಣ್ಣದ ಪಟ್ಟಿ ಇರಲಿ. ಕಪಾಟಿನ ಮೇಲಿನ ಸಾಲಿನವಕ್ಕೆ ಕೆಂಪು, ನಡುವಿನವಕ್ಕೆ ಹಳದಿ, ಕೆಳಗಿನ ಮೂರನೇ ಸಾಲಿಗೆ ಹಸಿರು.

ಏನೇನಿದೆ ಎಂದು ಬರೆದ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಯಾವುದು ಯಾವ ಸಾಲಿಗೆ ಎಂಬುದನ್ನೂ ಎದುರಿಗೆ ಬರೆದಿದ್ದೇನೆ. ಉಳಿದದ್ದು ಏನು ಬೇಕಾದರೂ ತಿದ್ದು, ಸಾಲನ್ನು ಮಾತ್ರ ತಿದ್ದಬೇಡ. ಮತ್ತು ಕೆಂಪಿನವು ಮೊದಲು ಆಗಲಿ. ಆದಷ್ಟು ಬೇಗ.

ನಿನ್ನ ಅತ್ತೆ ಚೆನ್ನಾಗಿದ್ದಾಳೆ. ಅಡುಗೆಮನೆಯಿಂದ ಏನೋ ಹೇಳುತ್ತಿದ್ದಾಳೆ ಎಂದು ಕಾಣುತ್ತದೆ. ಹೋಗಿ ನೋಡುತ್ತೇನೆ.

ಮಾವ

*

ಜುಲೈ 1

ಮಾವನಿಗೆ ನಮಸ್ಕಾರಗಳು.

ಇದರೊಂದಿಗೆ ಮಾದರಿಗೆಂದು ಒಂದು ಹಾಳೆ ಕಳಿಸಿದ್ದೇನೆ. ಅಂಟಿಸಿ ನೋಡಿ ಹೇಳಿ. ನಿಮ್ಮ ಬರಹ ಓದುತ್ತಾ ಮಧ್ಯಾಹ್ನದ ಊಟವೇ ಮರೆತೆ. "ಅರ್ಧ ಹಾಡು, ಕರೆಂಟು ಹೋಯಿತು." "ಪಿಟೀಲು, ನಡುವೆ ಪಕ್ಕದ ಮನೆ ನಾಯಿ." "ಯಾರೋ ಗೊತ್ತಿಲ್ಲ, ಆದರೆ ಚೆನ್ನಾಗಿ ಹಾಡಿದ್ದಾರೆ." ಇವನ್ನೂ ಅಚ್ಚು ಹಾಕಬೇಕೆ ಎಂದು ಪ್ರೆಸ್ಸಿನ ಯಜಮಾನರು ಕೇಳಿದರು. ನಾಯಿಯನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಬಾಗಿಲ ಬಳಿ ಬಂದ ಆ ನಾಯಿಗೆ ನೀವು ಚಪ್ಪಲಿ ತೋರಿಸುತ್ತ, ಇನ್ನೊಂದು ಕೈಯ ಬೆರಳನ್ನು ರೆಕಾರ್ಡ್ ಗುಂಡಿಯ ಮೇಲೇ ಇಟ್ಟುಕೊಂಡಿದ್ದಿರಿ. ನಾನೇ ನೋಡಿದ್ದೇನೆ.

ಆದರೆ ನಿಮ್ಮ ಸಾಲುಗಳ ಗುಟ್ಟು ಬಗೆಹರಿಯಲಿಲ್ಲ. ಮೊದಲು, ಇಷ್ಟವಾದದ್ದು ಮೇಲೆ, ಆಗದ್ದು ಕೆಳಗೆ ಎಂದುಕೊಂಡೆ. ಹಾಗೂ ಅಲ್ಲ. ಮಕ್ಕಳ ಮೇಳ ನಿಮಗೆ ತಲೆನೋವು, ಅದು ಮೇಲಿದೆ. ನೀವು ತಿಂಗಳುಗಟ್ಟಲೆ ಕೇಳಿದ ಮುದುಕರ ಹಾಡುಗಾರಿಕೆ ಕೆಳಗಿದೆ. ಅತ್ತೆಯ ಪ್ರಿಯ ಗಾಯಕನೂ ಕೆಳಗೇ ಇದ್ದಾನೆ. ಎಲ್ಲವನ್ನೂ ಅಕಾರಾದಿಗೆ ತರೋಣವೆಂದು ಕೈ ತುರಿಸಿತು. ನಿಮ್ಮ ಎಚ್ಚರಿಕೆ ನೆನಪಾಗಿ ಬಿಟ್ಟೆ.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ಹೋದ ಭಾನುವಾರ ಕೊನೆಗೂ ನೀವೇ ಫೋನಿಗೆ ಬಂದಿರಿ. ನನಗೆ ಎಷ್ಟು ಹಿಗ್ಗಾಯಿತೆಂದರೆ ಒಂದೇ ಉಸಿರಿಗೆ ಎಲ್ಲ ಹೇಳಿದೆ. ವಾರವಿಡೀ ಜ್ವರದಲ್ಲಿ ಒಬ್ಬಳೇ ಮಲಗಿದ್ದೆ, ನೀರು ಕೊಡುವವರೂ ಇರಲಿಲ್ಲ ಎಂದೆ. ನೀವು, "ಹೌದಾ, ಒಳ್ಳೇದು, ಬಹಳ ಒಳ್ಳೇದು" ಎಂದು ಅತ್ತೆಗೆ ಕೊಟ್ಟುಬಿಟ್ಟಿರಿ. ಫೋನು ಇಟ್ಟ ಮೇಲೆ ಬೂತಿನವನು ಚಿಲ್ಲರೆ ಹಿಡಿದು ನಿಂತಿದ್ದ, ನಾನು ತೆಗೆದುಕೊಳ್ಳದೆ ಬಂದೆ.

ಗುಬ್ಬಿ

*

ಜುಲೈ 10

ಗುಬ್ಬಿ,

ನಿನಗೆ ಜ್ವರ ಬಂದಿತ್ತೆಂದು ನಿನ್ನ ಕಾಗದ ಓದಿದ ಮೇಲೆಯೇ ನನಗೆ ತಿಳಿದದ್ದು. ಊಟ ಸೇರಲಿಲ್ಲ. ಇನ್ನು ನಿನ್ನಿಂದ ಮುಚ್ಚಿಡುವುದು ಪಾಪ.

ನನ್ನ ಕಿವಿ ಹೋಗುತ್ತಿದೆ. ಒಂದೇ ಸಲಕ್ಕಲ್ಲ, ಮೇಲಿಂದ ಕೆಳಕ್ಕೆ. ಕಿವಿ ಡಾಕ್ಟರು ಒಂದು ಗೆರೆ ತೋರಿಸಿದರು, ಗುಡ್ಡದಿಂದ ಇಳಿದುಹೋದ ಹಾಗಿತ್ತು. ಸಣ್ಣ, ತೆಳು, ಏರುದನಿಗಳು ಮೊದಲು ಹೋಗುತ್ತವಂತೆ, ದಪ್ಪದನಿಗಳು ಎಲ್ಲಕ್ಕಿಂತ ಕೊನೆಗೆ. ಅಷ್ಟು ವರ್ಷ ಮಗ್ಗಗಳ ಸದ್ದಿನಲ್ಲಿ ನಿಂತದ್ದರ ಫಲ. ಈಗ ಸಾಲುಗಳ ಗುಟ್ಟು ತಿಳಿಯಿತೆ? ಮೇಲಿನ ಸಾಲು ಸ್ವಲ್ಪ ದಿನದ ಅತಿಥಿಗಳು. ಕೊಳಲು, ಮಕ್ಕಳ ಮೇಳ, ತೆಳುದನಿಯ ಆ ಹೆಣ್ಣುಮಗಳು, ಇವರನ್ನು ಈಗಲೇ ಕೇಳಿ ಮುಗಿಸಬೇಕು. ನಡುವಿನವರು ಇನ್ನೂ ತಡೆಯುತ್ತಾರೆ. ಮೂರನೇ ಸಾಲು ನನ್ನ ಮುದಿತನಕ್ಕೆ ಎತ್ತಿಟ್ಟ ಗಂಟು.

ಮನೆಯಲ್ಲಿ ಹೇಗೆ ಗೊತ್ತಾಗಲಿಲ್ಲ ಎನ್ನುತ್ತೀಯ. ಮಿಲ್ಲಿನಲ್ಲಿ ಪಕ್ಕದವನು ಕೂಗಿಕೊಂಡರೂ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದೆವು. ಮಗ್ಗದ ಸಾಲಿನ ಆ ತುದಿಯಿಂದ ಒಬ್ಬ ನನ್ನನ್ನು ಬೈದರೆ ಈ ತುದಿಯಿಂದ ತಿರುಗಿ ಬೈಯುತ್ತಿದ್ದೆ. ಆ ವಿದ್ಯೆ ಈಗ ಮನೆಯಲ್ಲಿ ನಡೆಯುತ್ತಿದೆ. ನಿನ್ನ ಅತ್ತೆ ಎದುರಿಗಿದ್ದರೆ ಒಂದಕ್ಷರ ತಪ್ಪುವುದಿಲ್ಲ. ಫೋನಿಗೆ ತುಟಿ ಇಲ್ಲ, ಅಲ್ಲಿ ಸಿಕ್ಕಿಬೀಳುತ್ತೇನೆ. ಎಲ್ಲರಿಗಿಂತ ಮೊದಲು ಹೋದದ್ದು ನಿನ್ನ ದನಿಯೇ. ನಿನಗಿರುವುದು ಗುಬ್ಬಿಯ ದನಿ. ಕಿವಿಗಿಟ್ಟುಕೊಂಡರೆ ಏನೋ ಕಾಗದ ಸವರಿದ ಹಾಗೆ ಕೇಳುತ್ತದೆ. ಹೂಂ ಎನ್ನುತ್ತೇನೆ, ಒಳ್ಳೇದು ಎನ್ನುತ್ತೇನೆ.

ಅತ್ತೆಗೆ ಹೇಳಬೇಡ. ಅವಳ ಅಪ್ಪ ಕೊನೆಗಾಲದಲ್ಲಿ ಕಿವುಡರಾಗಿದ್ದರು. ಮೊದಮೊದಲು ಹತ್ತಿರ ಕೂತು ಎಲ್ಲವನ್ನೂ ಕೂಗಿ ಹೇಳುತ್ತಿದ್ದಳು. ಗಂಟಲು ಸೋತ ಮೇಲೆ ಮಾತು "ಊಟ", "ಸ್ನಾನ", "ಮಾತ್ರೆ" ಇಷ್ಟಕ್ಕೆ ಇಳಿಯಿತು. ಬೀದಿಯ ಸುದ್ದಿ, ಚಾಡಿ, ತಮಾಷೆ ಎಲ್ಲ ನಿಂತುಹೋಯಿತು. ಅವಳು ಕೆಟ್ಟವಳಲ್ಲ. ಒಂದು ತಮಾಷೆಯನ್ನು ಕೂಗಿ ಕೂಗಿ ಹೇಳಿದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಅಷ್ಟೇ. ಹಾಡು ಹೋಗುವುದನ್ನು ಹೇಗೋ ಸಹಿಸುತ್ತೇನೆ. ಅವಳು ನನಗೆ ಬರೀ "ಊಟ" ಎನ್ನುವ ದಿನ ಬರಬಾರದು.

ನಿನ್ನ ಮಾದರಿ ಲೇಬಲ್ ದಪ್ಪವಾಯಿತು. ಅಂಟಿಸಿ ಹಾಕಿದರೆ ಪ್ಲೇಯರು ನುಂಗಿತು, ಉಗುಳಲಿಲ್ಲ. ಚಮಚದ ಹಿಡಿಯಿಂದ ಎಬ್ಬಿಸಬೇಕಾಯಿತು.

ಮಾವ

*

ಜುಲೈ 24

ಮಾವನಿಗೆ,

ಎಲ್ಲ ಲೇಬಲ್ಲುಗಳೂ ಈ ಪೊಟ್ಟಣದಲ್ಲಿವೆ. ಈ ಸಲ ತೆಳುವಾದ ಕಾಗದ. ಕ್ಯಾಸೆಟ್ಟಿನ ನಡುವಿನ ಕಿಟಕಿ ಮುಚ್ಚದ ಹಾಗೆ ಕತ್ತರಿಸಿದ್ದೇನೆ. ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಿ, ಏಳದಂತೆ. ಕೆಂಪಿನವನ್ನು ಮೇಲೆಯೇ ಇಟ್ಟಿದ್ದೇನೆ.

ನಿಮ್ಮ ಕಾಗದಕ್ಕೆ ಏನು ಬರೆಯಬೇಕೋ ತಿಳಿಯದೆ ಬಹಳ ಹಾಳೆ ಹಾಳುಮಾಡಿದೆ. ಸಾಹಿತ್ಯ ಓದಿದವಳೆಂಬ ಹೆಸರು ಬೇರೆ. ನನ್ನ ದನಿ ಮೊದಲು ಹೋಯಿತು ಎಂದು ಬರೆದಿದ್ದೀರಿ. ಅದಕ್ಕೆ ನೊಂದುಕೊಳ್ಳಬೇಡಿ, ಒಳ್ಳೆಯ ಕಿವಿ ಇರುವ ಹಿಂದಿನ ಬೆಂಚಿನವರಿಗೂ ಅದು ಕೇಳಿಸುತ್ತಿರಲಿಲ್ಲ. ಇನ್ನು ಮುಂದೆ ನಿಮಗೆ ಫೋನಿಲ್ಲ, ವಾರಕ್ಕೊಂದು ಕಾಗದ. ಜ್ವರ ಬಂದರೆ ಜ್ವರವೆಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ.

ಅತ್ತೆಗೆ ಹೇಳುವುದಿಲ್ಲ. ಆದರೆ ಈ ಗುಟ್ಟು ಇಟ್ಟುಕೊಂಡು ಅವರೊಡನೆ ಮಾತಾಡುವುದು, ಬಾಯಲ್ಲಿ ಬಿಸಿ ಚಹಾ ಇಟ್ಟುಕೊಂಡು ಮಾತಾಡಿದ ಹಾಗಿದೆ.

ಹೋಗುವ ಮೊದಲು ಆ ಕೊಳಲನ್ನು ಚೆನ್ನಾಗಿ ಕೇಳಿ, ಮಾವ. ನನ್ನ ಪಾಲಿನದೂ ಸೇರಿಸಿ.

ಗುಬ್ಬಿ

*

ಆಗಸ್ಟ್ 11

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಲೇಬಲ್ಲುಗಳು ಚೆನ್ನಾಗಿವೆ, ಚೆನ್ನಾಗಿರುವುದೇ ತಾಪತ್ರಯವಾಯಿತು. ನಾನು ಗೀಚಿದ್ದಾಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಕಪಾಟು ಅಂಗಡಿಯ ಹಾಗೆ ಹೊಳೆಯುತ್ತಿದೆ. ನಿನ್ನ ಅತ್ತೆ ಬಂದು ನಿಂತಳು, ಮೇಲಿಂದ ಓದುತ್ತಾ ಬಂದಳು, ಕೊನೆಗೆ ಕೆಳಗೆ ಬಗ್ಗಿದಳು.

"ನನ್ನ ಹಾಡುಗಳೆಲ್ಲ ಇಲ್ಲಿಗೆ ಬಂದ್ವಾ? ಈ ಒರೆಸೋ ಬಟ್ಟೆ ಪಕ್ಕಕ್ಕೆ?"

"ಅದೊಂದು ಲೆಕ್ಕ" ಎಂದೆ.

"ಯಾರ ಲೆಕ್ಕ? ಆ ಕೀಚುಗಂಟಲಿನವಳಿಗೆ ಮೇಲೆ ಸಿಂಹಾಸನ, ನಮ್ಮೋನಿಗೆ ನೆಲ! ಮೊದಲಿಂದಲೂ ದಪ್ಪಗಂಟಲು, ದಪ್ಪಗಂಟಲು ಅಂತ ಆಡ್ಕೊಂಡು ನಕ್ಕೋರೇ ನೀವು. ಬಾಯಲ್ಲಿ ಅಂದಿದ್ದು ಸಾಲ್ದು ಅಂತ ಈಗ ಅಚ್ಚು ಹಾಕ್ಸಿ ಅಂತಿದ್ದೀರಾ?"

ಅವು ನನಗೆ ಕೊನೆಯವರೆಗೂ ಬೇಕಾದವು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಮುಚ್ಚಿದೆ. ಹಸಿರು ಪಟ್ಟಿಯವನ್ನೆಲ್ಲ ಮಡಿಲಿಗೆ ತುಂಬಿಕೊಂಡು ಹೋಗಿ ತನ್ನ ಟ್ರಂಕಿಗೆ ಹಾಕಿ ಮುಚ್ಚಳ ಹಾಕಿದಳು. ಮೂರನೇ ಸಾಲು ಈಗ ಖಾಲಿ.

ಆವತ್ತಿನಿಂದ ಮುಖ ಕೊಟ್ಟು ಮಾತಿಲ್ಲ. ಮುಖ ಕೊಡದಿದ್ದರೆ ನನಗೆ ಏನೂ ಕೇಳುವುದಿಲ್ಲವೆಂದು ಅವಳಿಗೇನು ಗೊತ್ತು. ತಟ್ಟೆ ಇಟ್ಟು "ಊಟ" ಎನ್ನುತ್ತಾಳೆ. ಅಷ್ಟೇ.

ಕೊಳಲು ಕೇಳಿದೆ. ಬೆರಳು ತೂತಿನ ಮೇಲೆ ಕೂರುವ ಸದ್ದು ಹೋಗಿದೆ, ಉಸಿರು ಹೋಗಿದೆ. ನಡುವಿನ ಸ್ವರಗಳು ಇನ್ನೂ ಇವೆ. ನಿನ್ನ ಪಾಲಿನದೂ ಕೇಳಿದೆ.

ಮಾವ

*

ಆಗಸ್ಟ್ 16

ಮಾವ,

ನಿಮ್ಮ ಕಾಗದ ಬಂದ ದಿನವೇ ಅತ್ತೆ ಪ್ರೆಸ್ಸಿಗೆ ಫೋನು ಮಾಡಿದ್ದರು. ಯಜಮಾನರ ಮೇಜಿನ ಬಳಿ ನಿಂತು ಮಾತಾಡಬೇಕಾಯಿತು. ಅವರು ಲೆಕ್ಕ ನೋಡುವವರಂತೆ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದರು. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ನೀನೂ ಅವರ ಜೊತೆ ಸೇರ್ಕೊಂಡೆ ಅಲ್ವೇನೇ? ಹಾಡಿಗಲ್ಲ ಕಣೇ ನನ್ನ ಸಂಕಟ. ಹಾಡು ಎಲ್ಲಿದ್ರೆ ಏನು. ಅಡುಗೆಮನೆಯಿಂದ ಏನಾದ್ರೂ ಹೇಳಿದ್ರೆ ಉತ್ತರ ಇಲ್ಲ. ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ತಿರುಗಿ ಹೇಳುತ್ತೆ. ಎದುರುಮನೆಯವಳ ಜಗಳದ ಕಥೆ ಅಷ್ಟುದ್ದ ಹೇಳ್ದೆ ಹೋದ ತಿಂಗಳು, ಪಾತ್ರೆ ತೊಳೀತಾ. ತಿರುಗಿ ನೋಡಿದ್ರೆ ಕಪಾಟಿನ ಮುಂದೆ ಕೂತಿದ್ದಾರೆ ಮಹಾರಾಯರು. ಮಿಲ್ಲಿದ್ದಾಗ ಮಿಲ್ಲಿನ ಹೆಂಡ್ತಿ ಆದೆ, ಈಗ ಯಾರ ಹೆಂಡ್ತಿ ನಾನು?"

"ಹಾಗಲ್ಲ ಅತ್ತೆ" ಎಂದೆ. "ಮತ್ತೆ ಹೇಗೆ?" ಎಂದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ನಿಮಗೆ ಮಾತು ಕೊಟ್ಟಿದ್ದೇನೆ, ಮುರಿಯುವುದಿಲ್ಲ.

ಆದರೆ ಚಿಕ್ಕವಳು ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ಅತ್ತೆ ನಿಮ್ಮೊಡನೆ ಮಾತು ಬಿಡಬಾರದೆಂದು ನೀವು ಇದನ್ನು ಮುಚ್ಚಿಟ್ಟಿರಿ. ಅವರು ಮಾತು ಬಿಟ್ಟಾಯಿತು. ಇನ್ನು ಯಾವುದನ್ನು ಕಾಯುತ್ತಿದ್ದೀರಿ? ನಿಮ್ಮ ಭಯಕ್ಕೆ ಅವರ ಅಪ್ಪನ ಉದಾಹರಣೆ ಇದೆ. ಅವರ ಭಯಕ್ಕೆ ಯಾವ ಉದಾಹರಣೆಯೂ ಇಲ್ಲ, ಖಾಲಿ ಅಡುಗೆಮನೆ ಇದೆ.

ಹೇಳಿಬಿಡಿ, ಮಾವ.

ಗುಬ್ಬಿ

*

ಸೆಪ್ಟೆಂಬರ್ 29

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿನಿಂದ ಎಂದುಕೊಂಡೆಯೇನೋ. ಹೇಳಿಯೇ ಬರೆಯೋಣ ಎಂದು ಕಾಯುತ್ತಿದ್ದೆ. ಎರಡು ಸಲ ಹೇಳಲು ಹೋದೆ. ಒಂದು ಸಲ ಹಾಲಿನವನು ಬಂದ, ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ ಹೇಳಲಾಗಲಿಲ್ಲ.

ಒಂದು ಸಂಜೆ ಅವಳು ಅಂಗಡಿಗೆ ಹೋಗಿದ್ದಳು. ಮೇಲಿನ ಸಾಲಿನದೊಂದು ಕ್ಯಾಸೆಟ್ಟು ಹಾಕಿ ಕಣ್ಣು ಮುಚ್ಚಿ ಕೂತೆ. ಏನೂ ಕೇಳುತ್ತಿರಲಿಲ್ಲ. ಆದರೆ ಆ ಹಾಡು ನನಗೆ ಬಾಯಿಪಾಠ, ಒಳಗೇ ನಡೆಯುತ್ತಿತ್ತು, ಖುಷಿಯಾಗಿಯೇ ಇದ್ದೆ. ಪ್ಲೇಯರಿನೊಳಗೆ ಟೇಪು ಸಿಕ್ಕಿಕೊಂಡು, ತಗಡನ್ನು ಗರಗಸದಿಂದ ಕೊಯ್ದ ಹಾಗೆ ಕಿರುಚುತ್ತಿತ್ತಂತೆ. ಬೀದಿಗೆಲ್ಲ ಕೇಳುತ್ತಿತ್ತಂತೆ. ಎದುರುಮನೆಯವಳು ಕಿಟಕಿ ಮುಚ್ಚಿಕೊಂಡಳಂತೆ. ನಿನ್ನ ಅತ್ತೆ ಓಡಿ ಬಂದು ನೋಡಿದರೆ, ಆ ಸದ್ದಿನ ಮುಂದೆ ನಾನು ತಲೆದೂಗುತ್ತ ಕೂತಿದ್ದೇನೆ.

ಕಣ್ಣು ಬಿಟ್ಟಾಗ ಅವಳು ನನ್ನ ಮುಂದೆ ನೆಲದ ಮೇಲೆ ಕೂತಿದ್ದಳು. ಚೀಲ ಪಕ್ಕದಲ್ಲಿತ್ತು. "ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಏನು?" ಎಂದೆ.

"ಕಿವಿ ಕೇಳದೆ."

"ಯಾರು ಹೇಳಿದ್ದು? ನೀನು ಹೇಳಿದ್ದೆಲ್ಲ ಕೇಳಿಸ್ತಿದೆಯಲ್ಲ" ಎಂದೆ.

ಅವಳ ಕಣ್ಣು ತುಂಬಿದ್ದು ನೋಡಿದ ಮೇಲೆ ನನಗೆ ಅರ್ಥವಾಯಿತು. ಅವಳು ದನಿಯನ್ನೇ ತೆಗೆದಿರಲಿಲ್ಲ. ಬರೀ ತುಟಿ ಆಡಿಸಿದ್ದಳು.

ಆಮೇಲೆ ಎಲ್ಲ ಹೇಳಿದೆ, ಸಾಲುಗಳ ವಿಷಯವನ್ನೂ. ಅವಳು ಕಣ್ಣು ಒರೆಸಿಕೊಂಡು, "ಅಂದ್ರೆ ಕೊನೆಗೆ ನಿಮಗೆ ನಮ್ಮ ದಪ್ಪಗಂಟಲೇ ಗತಿ ಅನ್ನಿ" ಎಂದಳು. ನಕ್ಕೆವು. ನಗು ಮುಗಿದ ಮೇಲೆ ಕೇಳಿದಳು, "ನನ್ನ ದನಿ ಯಾವ ಸಾಲು?"

ಕೇಳಿಸಿತು, ಗುಬ್ಬಿ. ಕಣ್ಣಿಗೂ ಕಂಡಿತು. ಮೂರನೇ ಸಾಲೆಂದು ಸುಳ್ಳು ಹೇಳಲಾರದೆ, ಸಿಕ್ಕಿಕೊಂಡ ಟೇಪನ್ನು ಬಿಡಿಸುವವನ ಹಾಗೆ ತಲೆ ತಗ್ಗಿಸಿದೆ. ಅವಳು ಇನ್ನೊಮ್ಮೆ ಕೇಳಲಿಲ್ಲ.

ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಬಂದಿದೆ. ಅದರಲ್ಲಿ ಪಾತ್ರೆಯ ಸದ್ದು ಸಿಡಿಲಿನ ಹಾಗೆ, ಹಾಡು ಪಾತ್ರೆಯ ಹಾಗೆ. ಹೊರಗೆ ಹೋಗುವಾಗ ಹಾಕಿಕೊಳ್ಳುತ್ತೇನೆ. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವರಿಬ್ಬರೂ ನನಗೆ ಬೆನ್ನು ಹಾಕಿದ್ದರು, ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿರುವುದು ಶುರುವಾಯಿತು. ಅಳುತ್ತಾಳೆಂದುಕೊಂಡು ನಾನು ಹೊರಗೆ ಸುಮ್ಮನೆ ಕೂತಿರುತ್ತಿದ್ದೆ.

ನಿನ್ನೆ ಬೆಳಿಗ್ಗೆ ಕಿಟಕಿಯ ಬಳಿ, ಬಾಗಿಲಿಗೆ ಬೆನ್ನು ಹಾಕಿ ಕೂತು ಪ್ಲೇಯರಿನ ತಿರುಪು ಬಿಗಿಸುತ್ತಿದ್ದೆ. ಕಿವಿಯಲ್ಲಿ ಯಂತ್ರ ಇರಲಿಲ್ಲ. ಹಿಂದಿನಿಂದ ಯಾರೋ ಗಂಡಸು ಮಾತಾಡಿದ. ನಿಧಾನವಾಗಿ, ಹಂಡೆಯೊಳಗಿಂದ ಬಂದ ಹಾಗೆ.

"ಎದುರುಮನೆ ಬೆಕ್ಕು ಮರಿ ಹಾಕಿದೆ. ಒಂದಕ್ಕೆ ಥೇಟ್ ನಿಮ್ಮದೇ ಮುಖ."

ತಿರುಗಿದೆ. ಗಂಡಸು ಯಾರೂ ಇರಲಿಲ್ಲ. ಗದ್ದವನ್ನು ಎದೆಗೆ ಒತ್ತಿಕೊಂಡು, ಕೈಯಲ್ಲಿ ಸೌಟು ಹಿಡಿದು, ನಗು ತಡೆಯಲಾರದೆ ಕೆಂಪಾಗಿ ನಿನ್ನ ಅತ್ತೆ ನಿಂತಿದ್ದಳು.

"ಕೇಳಿಸ್ತಾ?" ಎಂದಳು, ಅದೇ ದನಿಯಲ್ಲಿ.

"ಕೇಳಿಸ್ತು" ಎಂದೆ. "ಯಾವ ಮರಿಗೆ?"

ಮಾವ